ಇನ್ನೊಬ್ಬರು ನಾದಿಟ್ಟ ಕಣಕ

ಇಂಡೂರೂಪಿಲ್ಲಿ, ಬ್ರಿಸ್ಬೇನ್
೧೨ ಜನವರಿ ೨೦೧೪

ಪ್ರೀತಿಯ ಸುಮತಿ ಆಂಟಿ,

ಈ ಕೈಬರಹದ ಗುರುತು ಸಿಕ್ಕಿತೇ? ಮೈಸೂರಿನ ಸರಸ್ವತೀಪುರಂನಲ್ಲಿ ನಿಮ್ಮ ಮನೆಗೆ ಹಿಂದಿ ಪ್ರಥಮಾ, ಮಧ್ಯಮಾ ಪರೀಕ್ಷೆಗಳ ಟ್ಯೂಷನ್‌ಗೆ ಬರುತ್ತಿದ್ದ ಕವನಾ ನಾನು. ಪಾಠ ಪೂರ್ತಿ ಓದದೆ ಗೈಡ್ ನೋಡಿ ಸಾರಾಂಶ ಬರೆದು ಬೈಸಿಕೊಳ್ಳುತ್ತಿದ್ದ ಕವನಾ ಎಂದರೆ ಖಂಡಿತ ನೆನಪಾಗುತ್ತದೆ. ನೀವು ಮಗನ ಜೊತೆ ಅಡಿಲೇಡಿನಲ್ಲಿದ್ದೀರಿ, ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಕಾಗದ ಬರೆದರೆ ಮಾತ್ರ ಉತ್ತರ ಕೊಡುತ್ತೀರಿ ಎಂದು ಅಮ್ಮ ಹೇಳಿದಳು. ನಾನು ಶಾಲೆಯಲ್ಲಿ ಕನ್ನಡವನ್ನು ಮೂರನೇ ಭಾಷೆಯಾಗಿ ಓದಿದವಳು, ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಿ.

ನನಗೆ ಮದುವೆಯಾಯಿತು ಆಂಟಿ. ನವೆಂಬರಿನಲ್ಲಿ. ಅವನ ಹೆಸರು ನಿಖಿಲ. ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ದುಪಟ್ಟಾಗಳನ್ನು ತಾನೇ ಇಸ್ತ್ರಿ ಮಾಡುತ್ತಾನೆ. ಸಂಜೆ ಅವನ ರೈಲು ಬರುವ ಹೊತ್ತಿಗೆ ನಾನು ಸ್ಟೇಷನ್ನಿಗೆ ಹೋಗಿ ನಿಲ್ಲುತ್ತೇನೆ, ಅವನು ನನ್ನನ್ನು ನೋಡಿ ಪ್ರತಿದಿನವೂ ಆಶ್ಚರ್ಯಪಟ್ಟವನಂತೆ ನಟಿಸುತ್ತಾನೆ. ಇಲ್ಲಿ ಎಲ್ಲವೂ ಚೆನ್ನ. ಕಸದ ಬುಟ್ಟಿಗೆ ಉದ್ದ ಕೊಕ್ಕು ಹಾಕಿ ತಿನ್ನುವ ಕೊಳಕು ಬಿಳಿ ಹಕ್ಕಿಗಳನ್ನು ಕಂಡರೆ ಮಾತ್ರ ವಾಕರಿಕೆ. ನಿಖಿಲ ಅವಕ್ಕೂ ಬ್ರೆಡ್ಡು ಹಾಕುತ್ತಾನೆ.

ಈಗ ನನ್ನ ಸ್ವಾರ್ಥದ ಮಾತು. ನಿಖಿಲನ ತಂದೆ ಲಿಂಗರಾಜ ಅವರು ಪರ್ತಿನಲ್ಲಿ ಡಾಕ್ಟರು, ಅಲ್ಲಿನ ನಮ್ಮ ಕನ್ನಡ ಬಳಗದ ಅಧ್ಯಕ್ಷರು. ನಾವಿಬ್ಬರೂ ಮೆಚ್ಚಿ ಮದುವೆಯಾದದ್ದು ಅವರಿಗೆ ಹಿಡಿಸಿಲ್ಲ. ಇದುವರೆಗೆ ಒಂದು ಸಲವೂ ನನ್ನ ಹೆಸರು ಹಿಡಿದು ಕರೆದಿಲ್ಲ. 'ನಿಖಿಲನ ಹೆಂಡ್ತಿ' ಎನ್ನುತ್ತಾರೆ, ನಾನು ಎದುರಿಗೆ ಕೂತಿದ್ದಾಗಲೂ. ಕಳೆದ ವಾರ ಫೋನಿನಲ್ಲಿ ನಿಮ್ಮ ವಿಷಯ ಬಂತು. ದೇಶವಿಭಜನೆಯನ್ನು ಕಣ್ಣಾರೆ ಕಂಡ ಹಿಂದಿ ಕಾದಂಬರಿಕಾರ್ತಿ ನನ್ನ ಟ್ಯೂಷನ್ ಟೀಚರ್ ಎಂದೆ. ಅವರ ದನಿಯೇ ಬದಲಾಯಿತು. ಯುಗಾದಿ ಕಾರ್ಯಕ್ರಮದಲ್ಲಿ ನಿಮ್ಮ ನೆನಪುಗಳಿಂದ ಒಂದು ಭಾಗವನ್ನು ನಾನು ಕನ್ನಡಕ್ಕೆ ತಂದು ಓದಬೇಕಂತೆ, ಸ್ಮರಣ ಸಂಚಿಕೆಯಲ್ಲೂ ಹಾಕುತ್ತಾರಂತೆ. ಇಲ್ಲಿ ಬೆಳೆಯುವ ಮಕ್ಕಳಿಗೆ ಇತಿಹಾಸ ಗೊತ್ತಾಗಲಿ ಎಂದರು.

ಕೊಡುತ್ತೀರಾ ಆಂಟಿ? ನಿಮಗೆ ಗೊತ್ತಾಗಲಿ, ಇದರಿಂದ ನನಗೆ ಒಂದು ಹೆಸರು ಸಿಗಬಹುದು. ಅಂದರೆ, ನನ್ನದೇ ಹೆಸರು.

ನಿಮ್ಮ ಹಳೆಯ ಸೋಮಾರಿ ಶಿಷ್ಯೆ,
ಕವನಾ


ಗ್ಲೆನೆಲ್ಗ್, ಅಡಿಲೇಡ್
೨೭ ಜನವರಿ ೨೦೧೪

ಕವನಾ,

ನೆನಪಿದ್ದೀಯ. ಜಾಣೆ. ಪಾಠದ ಮೊದಲ ಪುಟ ಓದಿ ಉಳಿದದ್ದನ್ನು ಊಹಿಸುತ್ತಿದ್ದೆ. ಹಲವು ಸಲ ಊಹೆ ಸರಿಯಾಗಿರುತ್ತಿತ್ತು, ಅದಕ್ಕೇ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಮದುವೆಗೆ ಆಶೀರ್ವಾದ. ಇಸ್ತ್ರಿ ಮಾಡುವ ಗಂಡ ಒಳ್ಳೆಯವನೇ ಇರಬೇಕು.

ಜನ ನನ್ನನ್ನು ಕರೆಸುವುದು ಒಂದೇ ಕಾರಣಕ್ಕೆ. ನಾನು ಬರೆದ ಕಾದಂಬರಿಗಳಿಗಾಗಿ ಅಲ್ಲ. ಹತ್ತು ವರ್ಷದ ಹುಡುಗಿಯಾಗಿ ನಾನು ಏನು ನೋಡಿದೆ ಎಂದು ಕೇಳಲು. ಮೊದಲು ಊರಿನ ಬಗ್ಗೆ ಕೇಳುತ್ತಾರೆ, ಆಮೇಲೆ ದಾರಿಯ ಬಗ್ಗೆ, ಕೊನೆಗೆ ನನ್ನ ಅಕ್ಕನ ಬಗ್ಗೆ. ಅಕ್ಕನ ಬಗ್ಗೆ ಕೇಳುವಾಗ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. ಇಲ್ಲೇ ಅಡಿಲೇಡಿನ ಒಂದು ಸಭೆಯಲ್ಲಿ ಒಬ್ಬ ಗೃಹಸ್ಥ ಬಾಯಲ್ಲಿ ಸಮೋಸ ಇಟ್ಟುಕೊಂಡೇ ಕೇಳಿದ. ಅವನ ತುಟಿಯ ಮೇಲೆ ಆಲೂಗಡ್ಡೆಯ ಚೂರು ಅಂಟಿತ್ತು. ಅಂದಿನಿಂದ ನಾನು ಸಭೆಗಳಿಗೆ ಹೋಗುವುದನ್ನು ಬಿಟ್ಟೆ.

ನಿನಗಾಗಿ ಒಂದು ಅಧ್ಯಾಯದ ಜೆರಾಕ್ಸ್ ಇಟ್ಟಿದ್ದೇನೆ. ಹೆಸರು 'ಎರಡು ಅಡುಗೆಮನೆ'. ಮೊದಲನೆಯದು ವಿಭಜನೆಯಲ್ಲಿ ಗಡಿಯಾಚೆಗೆ ಹೋದ ಝಂಗ್ ಹತ್ತಿರ ನಾವು ಬಿಟ್ಟು ಬಂದದ್ದು. ಎರಡನೆಯದು ದೆಹಲಿಯಲ್ಲಿ ನಾವು ಸೇರಿಕೊಂಡದ್ದು. ನನ್ನದು ಒಂದೇ ಷರತ್ತು. ಓದಿದರೆ ಎರಡನ್ನೂ ಓದಬೇಕು. ಅಚ್ಚು ಹಾಕಿದರೆ ಎರಡನ್ನೂ ಹಾಕಬೇಕು. ಆಗದಿದ್ದರೆ ಒಂದೂ ಬೇಡ. ಇದನ್ನು ನಿನ್ನ ಮಾವನಿಗೂ ಹೇಳು.

ಸುಮತಿ ಖುಲ್ಲರ್


ಇಂಡೂರೂಪಿಲ್ಲಿ
೧೬ ಫೆಬ್ರವರಿ ೨೦೧೪

ಪ್ರೀತಿಯ ಆಂಟಿ,

ಜೆರಾಕ್ಸ್ ಬಂತು. ಓದಿ ಅತ್ತುಬಿಟ್ಟೆ. ನಿಖಿಲ ಆಫೀಸಿನಿಂದ ಬಂದವನು ನನ್ನ ಮುಖ ನೋಡಿ ಊರಿನಲ್ಲಿ ಯಾರಿಗಾದರೂ ಏನಾದರೂ ಆಯಿತೇ ಎಂದು ಹೆದರಿದ. ಅವನಿಗೂ ಓದಿ ಹೇಳಿದೆ.

ಆ ಬೇಳೆಯ ಪಾತ್ರೆ. ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗಲೇ ನಿಮ್ಮನ್ನೆಲ್ಲ ಹಿಂಬಾಗಿಲಿನಿಂದ ಓಡಿಸಿದ್ದು. ಅಜ್ಜ ಬರುವುದಿಲ್ಲ ಎಂದು ಮಂಚ ಹಿಡಿದು ಕೂತದ್ದು. ಕಾಲುವೆಯ ಬಳಿ ವಿಮಲಾ ಅಕ್ಕನ ಕೈ ನಿಮ್ಮ ಕೈಯಿಂದ ಜಾರಿದ್ದು, ಆಮೇಲೆ ಅವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತದಿದ್ದದ್ದು. ನಿಮ್ಮ ಅಮ್ಮ ಮಾತ್ರ ದಾರಿಯುದ್ದಕ್ಕೂ ಬೇಳೆಯದೇ ಮಾತಾಡುತ್ತಾರಲ್ಲ, ಬೇಳೆಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು. ಕೊನೆಗೆ ಆ ಶಾಪ: 'ನನ್ನ ಒಲೆಯ ಅನ್ನ ಉಂಡವರಿಗೆ ಅದು ಎಂದೂ ಅರಗದಿರಲಿ.' ಇದನ್ನು ಕನ್ನಡಕ್ಕೆ ತರುವಾಗ ಐದಾರು ಸಲ ಹೊಡೆದುಹಾಕಿ ಬರೆದೆ.

ಷರತ್ತನ್ನು ಮಾವನಿಗೆ ಹೇಳಿದ್ದೇನೆ. ಕಾರ್ಯಕ್ರಮ ಉದ್ದ, ನೋಡೋಣ ಎಂದರು. ಎರಡನೇ ಅಡುಗೆಮನೆಯ ಅನುವಾದವೂ ನಡೆಯುತ್ತಿದೆ, ಚಿಂತೆ ಬೇಡ. ನಾನು ಅಂದು ಉಡಲು ಬಿಳಿ ಸೀರೆಗೆ ಕೆಂಪು ಅಂಚು ಎಂದುಕೊಂಡಿದ್ದೇನೆ. ವಿಷಯ ಗಂಭೀರ, ಆದರೆ ಹಬ್ಬವೂ ಹೌದಲ್ಲ. ಏನು ಹೇಳುತ್ತೀರಿ?

ಕವನಾ


ಗ್ಲೆನೆಲ್ಗ್
೩ ಮಾರ್ಚ್ ೨೦೧೪

ಕವನಾ,

ಮೊದಲ ಅಡುಗೆಮನೆಯ ಬಗ್ಗೆ ಇಷ್ಟು ಬರೆದಿದ್ದೀಯ. ಎರಡನೆಯದರ ಬಗ್ಗೆ ಬರೆದದ್ದು ಒಂದು ಸಾಲು, ಅದೂ ನಡೆಯುತ್ತಿದೆ ಎಂದು. ಅದರಲ್ಲಿ ನಿನಗೆ ಎಲ್ಲಿ ಕಷ್ಟವಾಯಿತು? ಅನುವಾದದ ಪ್ರತಿ ಕಳಿಸು. ಅಚ್ಚಿಗೆ ಹೋಗುವ ಮೊದಲು ನೋಡಬೇಕು.

ಸೀರೆಯ ವಿಷಯದಲ್ಲಿ ನನ್ನ ಅಭಿಪ್ರಾಯವಿಲ್ಲ.

ಸುಮತಿ ಖುಲ್ಲರ್


ಇಂಡೂರೂಪಿಲ್ಲಿ
೮ ಏಪ್ರಿಲ್ ೨೦೧೪

ಪ್ರೀತಿಯ, ಪ್ರೀತಿಯ ಆಂಟಿ,

ಪ್ರತಿ ಕಳಿಸಲಾಗಲಿಲ್ಲ, ಕ್ಷಮಿಸಿ. ಸ್ಮರಣ ಸಂಚಿಕೆಯ ಅವಸರ, ಪರ್ತಿಗೆ ಹೊರಡುವ ಅವಸರ, ಎಲ್ಲ ಒಟ್ಟಿಗೆ ಬಂತು. ಆದರೆ ಈಗ ಹೇಳುವುದನ್ನು ಕೇಳಿದರೆ ನಿಮ್ಮ ಕೋಪ ಇಳಿದುಹೋಗುತ್ತದೆ. ಜನ ಎದ್ದು ನಿಂತರು. ಇಡೀ ಸಭಾಂಗಣ. ನಿಮ್ಮ ಮಾತಿಗೆ.

ಮೊದಲಿನಿಂದ ಹೇಳುತ್ತೇನೆ. ಶನಿವಾರ ಮಧ್ಯಾಹ್ನವೇ ಹೆಂಗಸರೆಲ್ಲ ಸಭಾಂಗಣದ ಅಡುಗೆಮನೆಯಲ್ಲಿ ಸೇರಿದೆವು. ಯುಗಾದಿ ಎಂದರೆ ಒಬ್ಬಟ್ಟು, ಅದನ್ನು ಊಟದ ಹೊತ್ತಿಗೆ ಬಿಸಿಬಿಸಿಯಾಗಿ ತಟ್ಟಿ ಬಡಿಸುವುದು ಈ ಬಳಗದ ಹೆಮ್ಮೆ. ಕಣಕ ನಾದುವುದು ಪ್ರತಿವರ್ಷವೂ ತಬಸ್ಸುಮ್ ಅಕ್ಕ. ಮೈಸೂರಿನ ಮಂಡಿ ಮೊಹಲ್ಲಾದವರು, ಇಲ್ಲಿ ಮಕ್ಕಳ ಡಾಕ್ಟರು. ಪಕ್ಕದ ಮನೆಯ ಅಯ್ಯಂಗಾರರ ಅಜ್ಜಿಯ ಹತ್ತಿರ ಕಲಿತರಂತೆ. ತವರಿನಿಂದ ತಂದ ದೊಡ್ಡ ಸ್ಟೀಲ್ ಬೇಸಿನ್ನಿನಲ್ಲಿ ಎಣ್ಣೆ ಹಾಕಿ ನಾದುತ್ತಲೇ ಇದ್ದರು, ನಾದುತ್ತಲೇ ಇದ್ದರು. ನನ್ನ ಕೈಯನ್ನೂ ಹಿಡಿದು ಕಣಕದೊಳಗೆ ಒತ್ತಿಸಿ, 'ಕಿವಿ ಹಾಲೆಯಷ್ಟು ಮೆತ್ತಗಾಗ್ಬೇಕು ಕಣಮ್ಮ, ಮದುಮಗಳಿಗೆ ಇಷ್ಟೂ ಗೊತ್ತಿಲ್ವಾ' ಎಂದು ನಗಿಸಿದರು. ಅವರ ಪುಟ್ಟ ಮಗಳು ನನ್ನ ಬಳೆ ಎಣಿಸುತ್ತ ಕಾಲ ಬಳಿಯೇ ಕೂತಿದ್ದಳು.

ಕಾರ್ಯಕ್ರಮ ಎಂದಿನಂತೆ ತಡ. ಮಕ್ಕಳ ನೃತ್ಯ, ಪ್ರಾಯೋಜಕರ ಭಾಷಣ, ಅವರಿಗೆಲ್ಲ ಶಾಲು, ಪೇಟ. ನಾನು ಮೈಕಿನ ಮುಂದೆ ನಿಲ್ಲುವಾಗ ಮಾವ ಕೆಳಗಿನಿಂದ ಗಡಿಯಾರ ತೋರಿಸುತ್ತಿದ್ದರು. ಆದರೂ ಓದಿದೆ ಆಂಟಿ. ವಿಮಲಾ ಅಕ್ಕನ ಕೈ ಜಾರುವಲ್ಲಿ ಒಬ್ಬರು ಹೆಂಗಸು ಬಿಕ್ಕಿದರು. ಆ ಶಾಪದ ಮಾತು ಬಂದಾಗ, 'ಉಂಡವರಿಗೆ ಅದು ಎಂದೂ ಅರಗದಿರಲಿ' ಎಂದಾಗ, ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ಹೊಡೆದರು, ನೋಡುತ್ತಿದ್ದಂತೆ ಎಲ್ಲರೂ ಎದ್ದು ನಿಂತರು. ಯಾರೋ ಘೋಷಣೆ ಕೂಗಿದರು, ಯುವಕರೆಲ್ಲ ದನಿಗೂಡಿಸಿದರು. ನನಗೆ ಮೈ ಜುಮ್ಮೆಂದಿತು. ಎರಡನೆಯ ಭಾಗವನ್ನು ಸಮಯದ ಅಭಾವದಿಂದ ಸ್ವಲ್ಪ ಚಿಕ್ಕದು ಮಾಡಬೇಕಾಯಿತು, ಆದರೆ ಭಾವನೆ ತಲುಪಿತು.

ಮಾವ ವೇದಿಕೆ ಹತ್ತಿ ಬಂದು ಮೈಕಿನಲ್ಲಿ, 'ನಮ್ಮ ಕವನಾ' ಎಂದರು. ಎರಡು ಸಲ. ನಿಖಿಲ ಕೆಳಗೆ ಕಣ್ಣು ಒರೆಸಿಕೊಳ್ಳುತ್ತಿದ್ದ.

ಪಾಪ, ತಬಸ್ಸುಮ್ ಅಕ್ಕನಿಗೆ ತಲೆನೋವು ಬಂತಂತೆ. ನಾನು ಕೆಳಗಿಳಿಯುವ ಹೊತ್ತಿಗೆ ಮಗಳನ್ನು ಎತ್ತಿಕೊಂಡು ಹೊರಟುಹೋಗಿದ್ದರು, ಬೇಸಿನ್ನನ್ನೂ ಬಿಟ್ಟು. ಕಣಕ ಪೂರ್ತಿ ಹಾಗೇ ಇತ್ತು. ಈಗೇನು ಮಾಡುವುದು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ನನ್ನ ಅತ್ತೆ ವಿಶಾಲಾಕ್ಷಿಯವರೇ ಧೈರ್ಯ ಮಾಡಿ, ಹೂರಣ ಇದೆ, ಕಣಕ ಇದೆ, ವೇಸ್ಟ್ ಯಾಕೆ ಮಾಡೋದು ಎಂದು ಕಾವಲಿ ಇಟ್ಟರು. ನಾನೂ ತಟ್ಟಿದೆ. ಅಷ್ಟು ಮೆತ್ತಗಿನ ಕಣಕವನ್ನು ನಾನು ಜನ್ಮದಲ್ಲಿ ಮುಟ್ಟಿಲ್ಲ ಆಂಟಿ. ಸಾಲಿನಲ್ಲಿ ನಿಂತಿದ್ದ ಮಾವನ ಸ್ನೇಹಿತ ಹಾಲಪ್ಪ ಅಂಕಲ್, 'ಹೋದೋರು ಹೋಗ್ಲಿ ಬಿಡ್ರಿ, ಕಣಕ ಬಿಟ್ಟು ಹೋದ್ರಲ್ಲ, ಅಷ್ಟು ಸಾಕು' ಎಂದು ಎಲ್ಲರನ್ನೂ ನಗಿಸಿದರು. ಒಂದು ಚೂರೂ ಉಳಿಯಲಿಲ್ಲ. ನಾನೇ ತುಪ್ಪ ಹಾಕಿಸಿಕೊಂಡು ಎರಡು ತಿಂದೆ.

ಎಲ್ಲ ನಿಮ್ಮಿಂದ.

ನಿಮ್ಮ, ಈಗ ಹೆಸರಿರುವ,
ಕವನಾ


ಗ್ಲೆನೆಲ್ಗ್
೧೭ ಏಪ್ರಿಲ್ ೨೦೧೪

ಕವನಾ,

ನಿನ್ನ ಕಾಗದವನ್ನು ಕಡಲತೀರದ ಜೆಟ್ಟಿಯ ಬಳಿಯ ಬೆಂಚಿನ ಮೇಲೆ ಕೂತು ಓದಿದೆ. ಓದಿ ಮುಗಿಸಿ ಕೈ ಒರೆಸಿಕೊಂಡೆ. ಕಾಗದದಲ್ಲಿ ಏನೂ ಅಂಟಿರಲಿಲ್ಲ, ಆದರೂ ಒರೆಸಿಕೊಂಡೆ.

ಅವರು ಯಾವ ವಾಕ್ಯಕ್ಕೆ ಎದ್ದು ನಿಂತರು ಎಂದು ಕೇಳಬೇಕೆಂದಿದ್ದೆ. ನೀನೇ ಹೇಳಿದ್ದೀಯ. ನನ್ನ ಅಮ್ಮ ದಾರಿಯಲ್ಲಿ, ಮಗಳನ್ನು ಕಳೆದುಕೊಂಡ ಮಾರನೆಯ ದಿನ, ತಲೆ ಕೆಟ್ಟು ಹೇಳಿದ ಮಾತದು. ಅದಕ್ಕೆ ಚಪ್ಪಾಳೆ. ಶಾಲು ಹೊದ್ದವರ ಚಪ್ಪಾಳೆ.

ನೀನು ಎರಡನೆಯ ಭಾಗವನ್ನು ಚಿಕ್ಕದು ಮಾಡಿಲ್ಲ. ಓದೇ ಇಲ್ಲ. ಸಭೆಯಲ್ಲಿ ಓದಿಲ್ಲ ಎನ್ನುತ್ತಿಲ್ಲ ನಾನು. ನಿನ್ನ ಮನೆಯಲ್ಲಿ, ನಿನ್ನ ಕಣ್ಣಿನಿಂದ, ನೀನು ಅದನ್ನು ಓದಿಲ್ಲ. ಅದರ ಮೊದಲ ಪುಟ ಓದಿದ ಯಾರೂ ಒಬ್ಬಟ್ಟಿನ ಸಂಗತಿಯನ್ನು ಇಷ್ಟು ಸಂತೋಷವಾಗಿ ಬರೆಯಲಾರರು. ಇಡೀ ಕಾಗದದಲ್ಲಿ ನಿಜವಾದದ್ದು ಅದೊಂದೇ, ಅದೂ ನಿನಗೆ ಗೊತ್ತಿಲ್ಲದೆ ಬಂದದ್ದು.

ಈಗ ಹೋಗಿ ಓದು. ಗೈಡ್ ಇಲ್ಲ.

ಸು. ಖು.


ಇಂಡೂರೂಪಿಲ್ಲಿ
೧೧ ಮೇ ೨೦೧೪

ಆಂಟಿ,

ಓದಿದೆ. ಇಷ್ಟು ದಿನ ಉತ್ತರ ಬರೆಯಲಿಲ್ಲ, ಯಾಕೆಂದರೆ ನಡುವೆ ಅನುವಾದ ಮಾಡುತ್ತಿದ್ದೆ. ಒಂದೊಂದು ಸಾಲನ್ನೂ. ನೀವು ಕೇಳಿದ ಪ್ರತಿ ಇದು.

'ದೆಹಲಿಯ ಪಹಾಡ್‌ಗಂಜ್‌ನ ಆ ಮನೆಯ ಬೀಗ ಒಡೆದದ್ದು ಚಾಚಾ. ಒಳಗೆ ಒಲೆ ಇನ್ನೂ ಬೆಚ್ಚಗಿತ್ತು. ಓಣಿಯ ಆಚೆ ತುದಿಯಿಂದ ಕೂಗು ಕೇಳಿಸುತ್ತಿತ್ತು. ನನಗೆ ಆ ಕೂಗು ಗೊತ್ತಿತ್ತು, ನಮ್ಮ ಊರಿನಲ್ಲಿ ಕೇಳಿದ್ದು ಅದೇ. ಈ ಸಲ ಅಟ್ಟಿಸಿಕೊಂಡು ಹೋಗುತ್ತಿದ್ದವರು ನಮ್ಮವರು. ಅಡುಗೆಮನೆಯ ನೆಲದ ಮೇಲೆ ಅಗಲವಾದ ಪರಾತ, ಅದರಲ್ಲಿ ನಾದಿಟ್ಟ ಹಿಟ್ಟು, ಮೇಲೆ ಒದ್ದೆ ಬಟ್ಟೆ. ಅಮ್ಮ ಬಟ್ಟೆ ಎತ್ತಿದಳು. ಹಿಟ್ಟಿನ ಮೇಲೆ ಬೆರಳುಗಳ ಗುರುತು ಹಾಗೇ ಇತ್ತು. ಸಣ್ಣ ಬೆರಳುಗಳು, ಅಮ್ಮನ ಬೆರಳಿಗಿಂತ ಸಣ್ಣವು. ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಕೈ ತೊಳೆದು, ಆ ಗುರುತಿನ ಮೇಲೆ ಮುಷ್ಟಿ ಇಟ್ಟು, ಹಿಟ್ಟನ್ನು ಮತ್ತೆ ನಾದಿದಳು. ರೊಟ್ಟಿಗಳು ಚೆನ್ನಾಗಿ ಉಬ್ಬಿದವು. ಪರಾತದ ಅಂಚಿನಲ್ಲಿ ಉರ್ದುವಿನಲ್ಲಿ ಒಂದು ಹೆಸರು ಕೆತ್ತಿತ್ತು. ಅಪ್ಪನಿಗೆ ಉರ್ದು ಬರುತ್ತಿತ್ತು, ದಿನಾ ಉರ್ದು ಪತ್ರಿಕೆ ಓದುತ್ತಿದ್ದ ಮನುಷ್ಯ. ಇದೇನು ಬರೆದಿದೆ ಎಂದು ನಾನು ಕೇಳಿದೆ. ಅಂಗಡಿಯವನ ಹೆಸರು ಎಂದ. ನಾನು ರೊಟ್ಟಿ ತಿಂದೆ. ಇನ್ನೊಂದು ಕೇಳಿದೆ. ಅಮ್ಮನ ಶಾಪ ನಮಗೆ ತಾಗಲಿಲ್ಲ. ಅರಗಿತು. ಚೆನ್ನಾಗಿ ಅರಗಿತು.'

ಇನ್ನು ನಾನು ಮಾಡಿದ್ದು. ಫೆಬ್ರವರಿಯಲ್ಲಿ ಮಾವ ಫೋನ್ ಮಾಡಿ, ನಿನಗೆ ಸಿಗುವುದು ಎಂಟು ನಿಮಿಷ, ಅಷ್ಟಕ್ಕೆ ಎಷ್ಟು ಬೇಕೋ ಅಷ್ಟು ಮಾಡು ಎಂದರು. ಎಂಟು ನಿಮಿಷಕ್ಕೆ ಮೊದಲ ಭಾಗ ಸರಿಹೋಯಿತು. ಎರಡನೆಯದು ಹೊಸ ಮನೆ, ಹೊಸ ಬದುಕು, ಕಷ್ಟಪಟ್ಟು ಮೇಲೆ ಬಂದದ್ದು ಎಂದು ನಾನೇ ಊಹಿಸಿದೆ. ಎಲ್ಲ ಕಥೆಗಳೂ ಹಾಗೇ ಇರುತ್ತವಲ್ಲ. ಷರತ್ತಿನ ಬಗ್ಗೆ ಮಾವನಿಗೆ ಹೇಳಿದ್ದೆ ಎಂದದ್ದೂ ಸುಳ್ಳು. ಅವರು ಬೇಡ ಎಂದುಬಿಟ್ಟರೆ ಎಂದು ಹೆದರಿದ್ದೆ.

ಸ್ಮರಣ ಸಂಚಿಕೆ ಮೊನ್ನೆ ಅಂಚೆಯಲ್ಲಿ ಬಂತು. ನಿಮ್ಮ ಬರಹದ ಅರ್ಧ ಅದರಲ್ಲಿದೆ. ತಲೆಬರಹ ಮಾವ ಕೊಟ್ಟದ್ದು: 'ಅವರು ನಮಗೆ ಮಾಡಿದ್ದು'. ಕೆಳಗೆ, 'ಅನುವಾದ: ಶ್ರೀಮತಿ ಕವನಾ ನಿಖಿಲ್'. ಹಿಂದಿನ ಪುಟದಲ್ಲಿ ಒಂದು ಮಸಾಲೆ ಪುಡಿಯ ಜಾಹೀರಾತು, ಅದರ ಬಣ್ಣ ನಿಮ್ಮ ಸಾಲುಗಳ ಮೇಲೆ ಮೂಡಿದೆ.

ಆ ಸಂಚಿಕೆ ಬಂದ ದಿನದಿಂದ ಅಡುಗೆಮನೆಯಲ್ಲಿ ಹಿಟ್ಟು ಕಲಸಲು ಕೂತರೆ ನನ್ನ ಕೈ ನನಗೇ ಹೇಸಿಗೆಯಾಗುತ್ತದೆ. ತಬಸ್ಸುಮ್ ಅಕ್ಕ ನನ್ನ ಬೆರಳುಗಳನ್ನು ಹಿಡಿದು ಕಣಕದೊಳಗೆ ಒತ್ತಿದ್ದರು. ಆ ಗುರುತಿನ ಮೇಲೆಯೇ ನಾನು ತಟ್ಟಿದೆ. ಹಾಲಪ್ಪ ಅಂಕಲ್ ಮಾತಿಗೆ ನಾನೂ ನಕ್ಕೆ. ಅದನ್ನು ನಿಮಗೆ ಬರೆದಿದ್ದೆನೋ ಇಲ್ಲವೋ ನೆನಪಿಲ್ಲ. ಜೋರಾಗಿಯೇ ನಕ್ಕೆ.

ನಿಖಿಲನಿಗೆ ಹೇಳಿದೆ. ಅವನು, 'ನೀನು ತುಂಬಾ ಯೋಚ್ನೆ ಮಾಡ್ತೀಯ. ಅವ್ರಿಗೆ ತಲೆನೋವೇ ಇತ್ತೇನೋ' ಎಂದ. ಹೇಳುವಾಗ ನನ್ನ ತಲೆ ಸವರಿದ. ಒಳ್ಳೆಯವನು ಆಂಟಿ. ಅದೇ ಕಷ್ಟ. ಅಂದು ಅವನು ಕಣ್ಣು ಒರೆಸಿಕೊಂಡದ್ದು ಯಾವುದಕ್ಕೆ ಎಂದು ಕೇಳಿದೆ. 'ಅಪ್ಪ ನಿನ್ನ ಹೆಸರು ಹೇಳಿದ್ರಲ್ಲ, ಅದಕ್ಕೆ' ಎಂದ.

ನನ್ನನ್ನು ಕ್ಷಮಿಸಿ.

ಕವನಾ


ಗ್ಲೆನೆಲ್ಗ್
೨೦ ಮೇ ೨೦೧೪

ಕವನಾ,

ಅನುವಾದ ಚೆನ್ನಾಗಿದೆ. ಒಂದು ಕಡೆಯೂ ಕೆಂಪು ಪೆನ್ನು ಹಚ್ಚಲಿಲ್ಲ.

ಕ್ಷಮೆಯನ್ನು ನನ್ನ ಹತ್ತಿರ ಕೇಳಬೇಡ. ನನಗೆ ಕ್ಷಮೆ ಕೇಳುವವರ ಬಗ್ಗೆಯೂ ಜುಗುಪ್ಸೆ ಇದೆ. ಅವರೂ ಮುಂದಕ್ಕೆ ಬಾಗುತ್ತಾರೆ. ಆ ಪರಾತ ನಮ್ಮ ಮನೆಯಲ್ಲಿ ಅಮ್ಮ ಸಾಯುವವರೆಗೂ ಇತ್ತು. ಅದರಲ್ಲೇ ನಾದಿದಳು, ಅದರಲ್ಲೇ ನನ್ನ ಮದುವೆಯ ಲಡ್ಡು ಕಟ್ಟಿದಳು. ವಾಪಸು ಕೊಡೋಣವೆಂದರೆ ಹೆಸರನ್ನು ಓದಬೇಕಿತ್ತು. ಓದಬಲ್ಲವನು ಓದಲಿಲ್ಲ. ಅವನು ಸಾಯುವ ಹೊತ್ತಿಗೆ ಅದನ್ನು ತಿಕ್ಕಿ ತಿಕ್ಕಿ ಅಕ್ಷರಗಳೇ ಹೋಗಿದ್ದವು.

ಒಂದು ಪ್ರಶ್ನೆ. ಆ ಡಾಕ್ಟರ ಬೇಸಿನ್ ಈಗ ಎಲ್ಲಿದೆ?

ಸುಮತಿ ಆಂಟಿ


ಇಂಡೂರೂಪಿಲ್ಲಿ
೧೫ ಜೂನ್ ೨೦೧೪

ಆಂಟಿ,

ನಿಮ್ಮ ಪ್ರಶ್ನೆ ಬಂದ ದಿನವೇ ಅತ್ತೆಗೆ ಫೋನ್ ಮಾಡಿದೆ. 'ಇಲ್ಲೇ ಎಲ್ಲೋ ಇದೆ, ಬೇಕಾದ್ರೆ ಅವ್ರೇ ಬಂದು ಕೇಳ್ಲಿ, ನಾವೇನು ಕದ್ದಿದೀವಾ' ಎಂದರು. ಕಳೆದ ವಾರ ಇಲ್ಲಿ ಸೋಮವಾರವೂ ರಜೆ ಇತ್ತು, ಇಬ್ಬರೂ ಪರ್ತಿಗೆ ಹೋದೆವು. ನಿಖಿಲನಿಗೆ ಅಪ್ಪ ಅಮ್ಮನನ್ನು ನೋಡುವ ಖುಷಿ. ನನ್ನ ಬ್ಯಾಗಿನಲ್ಲಿ ಎರಡನೇ ಅಡುಗೆಮನೆ ಇತ್ತು.

ಶನಿವಾರ ಮಧ್ಯಾಹ್ನ ಊಟಕ್ಕೆ ಹಾಲಪ್ಪ ಅಂಕಲ್, ಅವರ ಹೆಂಡತಿ ಜಯಲಕ್ಷ್ಮಿ ಆಂಟಿ ಬಂದಿದ್ದರು. ಊಟ ಅರ್ಧವಾಗುವಾಗ ಮಾವನೇ, 'ನಮ್ಮ ಕವನಾ ಆವತ್ತು ಏನು ಓದಿದ್ಲು, ಮೈ ಜುಂ ಅನ್ನೋ ಹಾಗೆ. ಇನ್ನೊಂದ್ಸಲ ಓದಮ್ಮ' ಎಂದರು. ಕೈ ತೊಳೆದು ಬಂದು ಓದಿದೆ. ಅವರು ಕೇಳಿದ ಭಾಗವನ್ನಲ್ಲ.

ಬೀಗ ಒಡೆಯುವ ಸಾಲಿನಲ್ಲಿ ಹಾಲಪ್ಪ ಅಂಕಲ್ ತಲೆಯಾಡಿಸಿದರು, ಮುಸ್ಲಿಮರು ಹಿಂದೂಗಳ ಬೀಗ ಒಡೆಯುತ್ತಿದ್ದಾರೆ ಎಂದುಕೊಂಡು. ಒದ್ದೆ ಬಟ್ಟೆ ಎತ್ತುವ ಹೊತ್ತಿಗೆ ಅವರಿಗೆ ಯಾರು ಯಾರು ಎಂಬುದು ಗೊತ್ತಾಯಿತು. ಅವರ ಕೈಯಲ್ಲಿದ್ದ ಚಪಾತಿಯ ತುಂಡು ಪಲ್ಯದಲ್ಲೇ ನಿಂತಿತು. ನಾನು ಓದುತ್ತಲೇ ಹೋದೆ. 'ಅರಗಿತು. ಚೆನ್ನಾಗಿ ಅರಗಿತು.' ಯಾರೂ ಎದ್ದು ನಿಲ್ಲಲಿಲ್ಲ.

'ಇದನ್ನ ಯಾರು ಬರೆದ್ರು?' ಎಂದರು ಮಾವ.

'ಅವರೇ ಮಾವ. ಅದೇ ಅಧ್ಯಾಯ. ಆವತ್ತು ಟೈಮ್ ಇರಲಿಲ್ಲ.'

ಅವರು ನನ್ನ ಕಡೆ ನೋಡಲಿಲ್ಲ. ಮಗನ ಕಡೆ ತಿರುಗಿದರು. 'ನಿನ್ನ ಹೆಂಡ್ತಿಗೆ ಹೇಳು. ಊಟದ ಹೊತ್ತಲ್ಲಿ ಇಂಥದ್ದೆಲ್ಲ ಓದಬಾರದು.'

ಅಂದು ಸಭಾಂಗಣದಲ್ಲಿ ಓದಿದ್ದೂ ಊಟದ ಹೊತ್ತಿನಲ್ಲೇ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಿಖಿಲ ಮೊಸರಿನ ಪಾತ್ರೆ ಎತ್ತಿ ಅಪ್ಪನಿಗೆ ಬಡಿಸಿದ. ಹಾಲಪ್ಪ ಅಂಕಲ್ ಚಪಾತಿಯ ತುಂಡನ್ನು ಬಾಯಿಗೆ ಹಾಕಿಕೊಂಡರು. ಎಲ್ಲರೂ ಅಗಿಯತೊಡಗಿದರು ಆಂಟಿ. ಆ ಸದ್ದು, ಒದ್ದೊದ್ದೆ ಸದ್ದು, ನಾನು ಪ್ರೀತಿಸುವ ಬಾಯಿಯಿಂದಲೂ ಬರುತ್ತಿತ್ತು. ಎದ್ದು ಬಟ್ಟೆ ತೊಳೆಯುವ ಕೋಣೆಗೆ ಹೋಗಿ ವಾಂತಿ ಮಾಡಿಕೊಂಡೆ. ಜಯಲಕ್ಷ್ಮಿ ಆಂಟಿ ಬಾಗಿಲಲ್ಲಿ ನಿಂತು ಅತ್ತೆಗೆ, 'ಗುಡ್ ನ್ಯೂಸ್ ಇರಬಹುದೇನ್ರೀ' ಎಂದು ಪಿಸುಗುಟ್ಟಿದರು. ಅಂಥ ಸುದ್ದಿ ಏನೂ ಇಲ್ಲ.

ಬೇಸಿನ್ ಅಲ್ಲೇ ಇತ್ತು. ತೊಟ್ಟಿಯ ಕೆಳಗೆ, ಅದರೊಳಗೆ ನೆಲ ಒರೆಸುವ ಬಟ್ಟೆಗಳನ್ನು ತುಂಬಿಟ್ಟಿದ್ದರು. ಬಟ್ಟೆ ತೆಗೆದೆ. ನಮ್ಮೆಲ್ಲರ ಪಾತ್ರೆಗಳ ಮೇಲೆ ಇರುವಂತೆ ಅದರ ಅಂಚಿನಲ್ಲೂ ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿತ್ತು, ಕನ್ನಡದಲ್ಲೇ. 'ತಬಸ್ಸುಮ್‌ಗೆ ಅಮ್ಮಿ, ಮೈಸೂರು.' ಅತ್ತೆಗೆ ಓದಲು ಬಾರದ ಲಿಪಿಯಲ್ಲ.

ಭಾನುವಾರ ನಿಖಿಲ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯಲ್ಲಿ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಹೂವಿನ ಗೊಂಚಲು ತರಲೇ ಎಂದು ಕೇಳಿದ. ಬೇಡ ಎಂದೆ. ಅವರ ಮನೆ ಬಂದಾಗ ಅವನು ಇಳಿಯಲಿಲ್ಲ.

ತಬಸ್ಸುಮ್ ಅಕ್ಕ ಬಾಗಿಲು ತೆರೆದರು. ನನ್ನನ್ನೂ ನೋಡಿದರು, ನನ್ನ ಕೈಯಲ್ಲಿದ್ದುದನ್ನೂ ನೋಡಿದರು. ಹಿಂದಿನಿಂದ ಮಗಳು ಬಳೆ ಆಂಟಿ ಎಂದು ಇಂಗ್ಲಿಷಿನಲ್ಲಿ ಕೂಗುತ್ತ ಓಡಿ ಬಂದಳು. ಅವಳನ್ನು ಒಳಗೆ ಕಳಿಸಿದರು.

'ತೊಳೆದಿದೀರಾ?'

'ತೊಳೆದಿದೀನಿ ಅಕ್ಕ.' ಕಣಕ ನಾದುವಾಗ ನನಗೆ ನೀನು ಎನ್ನುತ್ತಿದ್ದರು.

ಬೇಸಿನ್ ಇಸಿದುಕೊಂಡು ಒಳಗೆ ಹೋಗಲಿಲ್ಲ. ಮೆಟ್ಟಿಲಿಳಿದು ತೋಟದ ನಲ್ಲಿಯ ಬಳಿ ಹೋದರು. ಒಂದು ಹಿಡಿ ಮಣ್ಣು ತೆಗೆದು ತಿಕ್ಕತೊಡಗಿದರು, ಅಜ್ಜಿಯರು ತಿಕ್ಕುವ ಹಾಗೆ, ಒಳಗೆ, ಹೊರಗೆ, ಅಂಚಿನುದ್ದಕ್ಕೂ. ನಮ್ಮ ಮನೆಗಳಲ್ಲಿ ಬೇರೆಯವರು ಮುಟ್ಟಿದ್ದನ್ನು ಹೀಗೆ ತೊಳೆಯುವುದನ್ನು ನಾನು ನೋಡಿದ್ದೇನೆ. ನಾವು ಮುಟ್ಟಿದ್ದನ್ನು ತೊಳೆಯುವುದನ್ನು ನೋಡಿದ್ದು ಇದೇ ಮೊದಲು. ನಿಂತು ನೋಡಿದೆ. ನೋಡಬೇಕು ಅನ್ನಿಸಿತು.

'ಒಬ್ಬಟ್ಟು ಚೆನ್ನಾಗಿ ಬಂದಿತ್ತಾ?' ತಲೆ ಎತ್ತದೆ ಕೇಳಿದರು.

'ಬಂದಿತ್ತು.'

'ನೀವು ತಿಂದ್ರಾ?'

'ತಿಂದೆ.'

ನೀರು ಚೆಲ್ಲಿದರು. ನಾನು ಅನುವಾದದ ಹಾಳೆಗಳನ್ನು ಮುಂದೆ ಹಿಡಿದೆ. ಇದು ಉಳಿದರ್ಧ, ಅಂದು ಓದಬೇಕಾಗಿದ್ದದ್ದು ಎಂದೆ. ಅವರ ಕೈ ಒದ್ದೆ, ಮುಟ್ಟಲಿಲ್ಲ.

'ಇದನ್ನ ನನಗ್ಯಾಕೆ ಕೊಡ್ತೀರಾ? ಅದರಲ್ಲೇನಿದೆ ಅಂತ ನನಗೆ ಹೇಳಬೇಕಾ? ಆವತ್ತು ನಾನು ಪೂರ್ತಿ ಕೇಳಿಸ್ಕೊಂಡೆ ಕಣಮ್ಮ. ಕೇಳಿಸ್ಕೊಳ್ದೆ ಇರೋರಿಗೆ ಕೊಡಿ.'

ಬೇಸಿನ್ನನ್ನು ಬಿಸಿಲಿಗೆ ಗೋಡೆಯ ಮೇಲೆ ಕವುಚಿ ಹಾಕಿದರು. ಒಳಗೆ ಹೋದರು. ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಕಾರಿನಲ್ಲಿ ನಿಖಿಲ, 'ಆಯ್ತಾ? ಥ್ಯಾಂಕ್ಸ್ ಹೇಳಿದ್ರಾ?' ಎಂದು ಕೇಳಿದ. ಅವನನ್ನು ನೋಡಿದೆ. ಅದೇ ಮುಖ, ನಾನು ಸಂಜೆ ಸ್ಟೇಷನ್ನಿನಲ್ಲಿ ಕಾಯುವ ಮುಖ. ಸೀಟ್ ಬೆಲ್ಟ್ ಹಾಕಿಕೊಂಡೆ. ಬ್ರಿಸ್ಬೇನಿಗೆ ಬಂದ ಮೇಲೆ ನಾನು ಸ್ಟೇಷನ್ನಿಗೆ ಹೋಗಿಲ್ಲ. ಅವನು ಯಾಕೆಂದು ಕೇಳಿಲ್ಲ. ಕೇಳಿದರೆ ಹೇಳುತ್ತೇನೆ.

ಎರಡೂ ಭಾಗಗಳನ್ನು ಒಟ್ಟಿಗೆ ಮತ್ತೆ ಅಚ್ಚು ಹಾಕಿಸಿ ಎಂದು ಬಳಗಕ್ಕೆ ಬರೆದಿದ್ದೆ. ಇಂಥ ವಿವಾದಕ್ಕೆ ನಮ್ಮಲ್ಲಿ ಜಾಗವಿಲ್ಲ ಎಂದು ಮಾವನ ಸಹಿಯಲ್ಲಿ ಉತ್ತರ ಬಂತು. ಅದಕ್ಕೇ ಹಳ್ಳಿಹಳ್ಳಿ ಸುತ್ತುವ ಅಂಚೆಯಣ್ಣನ ಕೆಲಸ ನಾನೇ ಹಿಡಿದಿದ್ದೇನೆ. ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ಎಲ್ಲ ಸದಸ್ಯರ ವಿಳಾಸ ಇರುತ್ತದೆ, ಮಕ್ಕಳ ಹೆಸರಿನ ಸಮೇತ. ಊಟದ ಮೇಜಿನ ತುಂಬ ಲಕೋಟೆಗಳು. ಎರಡು ಅಡುಗೆಮನೆ, ಪೂರ್ತಿ, ನೀವು ಇಟ್ಟ ತಲೆಬರಹದಲ್ಲಿ. ಮೊದಲನೆಯದು ಮಾವನ ಹೆಸರಿಗೆ, ಎರಡನೆಯದು ಹಾಲಪ್ಪ ಅಂಕಲ್‌ಗೆ. ಕೆಳಗೆ, ಅನುವಾದ: ಕವನಾ. ಇನ್ನು ಆ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆಯಲಿಕ್ಕಿಲ್ಲ.

ಎಲ್ಲ ವಿಳಾಸ ಬರೆದಾಯಿತು. ಒಂದನ್ನು ಮಾತ್ರ ಬಿಟ್ಟಿದ್ದೇನೆ. ಅವರು ಅಂದೇ ಪೂರ್ತಿ ಕೇಳಿಸಿಕೊಂಡಿದ್ದರು.

ಕವನಾ